ಅಚ್ಚಿನಿಂದ ಎದ್ದ ಕುರ್ಚಿ

ಇಟಲಿಯ ಮಿಲಾನ್ ನಗರದ ಜೋ ಕೊಲಂಬೊ 1965ರಲ್ಲಿ ರೂಪಿಸಿದ ‘ಯೂನಿವರ್ಸಾಲೆ’ ಎಂಬ ಪ್ಲಾಸ್ಟಿಕ್ ಕುರ್ಚಿಯ ಬೆನ್ನಿನಲ್ಲಿ ಒಂದು ತೂತು ಇದೆ. ಫೋಟೊ ನೋಡಿದವರಿಗೆ ಅದು ಅಂದಕ್ಕೆಂದು ಬಿಟ್ಟ ತೂತು ಅನ್ನಿಸುತ್ತದೆ. ಆದರೆ ಅದಕ್ಕೆ ಕೆಲಸವಿದೆ. ಕೈ ತೂರಿಸಿ ಕುರ್ಚಿಯನ್ನು ಎತ್ತಿಕೊಂಡು ಹೋಗಲು ಅದೇ ಹಿಡಿ. ಅದಕ್ಕಿಂತ ಮೊದಲು, ಕಾರ್ಖಾನೆಯಲ್ಲಿ, ಬಿಸಿ ಪ್ಲಾಸ್ಟಿಕ್ ಆರಿ ಗಟ್ಟಿಯಾದ ಮೇಲೆ ಕುರ್ಚಿಯನ್ನು ಉಕ್ಕಿನ ಅಚ್ಚಿನಿಂದ ಬಿಡಿಸಿ ತೆಗೆಯಲು ಅದೇ ಆಸರೆ. ಕುರ್ಚಿಗೆ ಒಂದು ಅಚ್ಚು ಬೇಕಾಯಿತು, ಆ ಅಚ್ಚಿಗೆ ಒಂದು ತೂತು ಬೇಕಾಯಿತು, ಆ ತೂತು ಕುರ್ಚಿಯ ಗುರುತೇ ಆಗಿಹೋಯಿತು. ಕಳೆದ ಶತಮಾನದ ನಡುಭಾಗದ ಪ್ಲಾಸ್ಟಿಕ್ ಪೀಠೋಪಕರಣಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವುಗಳ ಕೆಂಪು, ಕಿತ್ತಳೆ ಬಣ್ಣಗಳನ್ನೂ ಬಳುಕುವ ಆಕಾರಗಳನ್ನೂ ಹೊಗಳುತ್ತಾರೆ, ಅವನ್ನು ಆ ಕಾಲದ ಉತ್ಸಾಹದ ಕುರುಹು ಎಂದು ವರ್ಣಿಸುತ್ತಾರೆ. ಅದು ತಪ್ಪಲ್ಲ, ಅರ್ಧ ಮಾತು. ಈ ಪೀಠೋಪಕರಣಗಳ ಚರಿತ್ರೆಯನ್ನು ವಿನ್ಯಾಸಕಾರರ ಹೆಸರುಗಳಿಂದ ಓದುವುದಕ್ಕಿಂತ ಅಚ್ಚಿನಿಂದ ಓದಿದರೆ ಹೆಚ್ಚು ಅರ್ಥವಾಗುತ್ತದೆ ಎನ್ನುವುದು ನನ್ನ ವಾದ. ಹಾಗೆ ಓದುತ್ತ ಹೋದರೆ ಕಥೆ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ಮುಗಿಯುವುದಿಲ್ಲ. ಶಾಮಿಯಾನದ ಕೆಳಗೆ ಸಾಲಾಗಿ ಹಾಕಿದ, ಯಾರ ಹೆಸರೂ ಇಲ್ಲದ ಪ್ಲಾಸ್ಟಿಕ್ ಕುರ್ಚಿಯವರೆಗೆ ಬರುತ್ತದೆ. ಒಂದನ್ನು ಕಲೆ ಎಂದು ಎತ್ತಿಟ್ಟು ಇನ್ನೊಂದನ್ನು ಕಸ ಎಂದು ತಳ್ಳುವುದು ಒಂದೇ ವಂಶದ ಇಬ್ಬರಲ್ಲಿ ಒಬ್ಬರನ್ನು ಒಪ್ಪದೆ ಹೋದ ಹಾಗೆ.

ಬಡಗಿ ಕುರ್ಚಿ ಮಾಡುವಾಗ ಅವನ ಜಾಣ್ಮೆ ಹೆಚ್ಚು ಖರ್ಚಾಗುವುದು ಕೂಡುವ ಜಾಗಗಳಲ್ಲಿ. ಕಾಲು ಆಸನಕ್ಕೆ ಸೇರುವಲ್ಲಿ, ಕೈ ಬೆನ್ನಿಗೆ ಸೇರುವಲ್ಲಿ ತೂತು ಕೊರೆಯಬೇಕು, ಅದಕ್ಕೆ ಸರಿಯಾಗಿ ಕೊನೆ ಕೆತ್ತಬೇಕು, ಬೆಣೆ ಹೊಡೆಯಬೇಕು. ಕುರ್ಚಿ ಅಲುಗಾಡಲು ಶುರುವಾಗುವುದೂ ಅಲ್ಲಿಂದಲೇ, ರಿಪೇರಿಗೆ ಬರುವುದೂ ಅದೇ ಜಾಗ. ಕೂಡುವ ಜಾಗಗಳು ಕಡಿಮೆಯಾದಷ್ಟೂ ಕುರ್ಚಿ ಅಗ್ಗವಾಗುತ್ತದೆ ಎಂಬುದನ್ನು ಕೈಗಾರಿಕೆ ಬೇಗನೆ ಕಂಡುಕೊಂಡಿತು. ಮರವನ್ನು ಹಬೆಯಲ್ಲಿ ಬಗ್ಗಿಸುವ ವಿದ್ಯೆ ಬೆಳೆಸಿದ ಮೈಕೇಲ್ ಥೋನೆಟ್ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿಯಲ್ಲಿ ಇದ್ದದ್ದು ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್. ಬಿಚ್ಚಿದ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು. ವಿಯೆನ್ನಾದ ಕಾಫಿ ಅಂಗಡಿಗಳ ಕುರ್ಚಿ ಹಡಗು ಹತ್ತಿ ಲೋಕ ಸುತ್ತಿದ್ದು ಹೀಗೆ. ಆರು ತುಂಡುಗಳನ್ನು ಒಂದೇ ತುಂಡಿಗೆ ಇಳಿಸಲು ಸಾಧ್ಯವೇ? ಮುಂದಿನ ನೂರು ವರ್ಷ ಪೀಠೋಪಕರಣ ಲೋಕದ ಅನೇಕ ಬುದ್ಧಿವಂತರು ಸುತ್ತಿ ಸುತ್ತಿ ಬಂದದ್ದು ಈ ಪ್ರಶ್ನೆಗೇ. ಮರ, ಕಬ್ಬಿಣ ಎರಡೂ ಅದಕ್ಕೆ ಒಗ್ಗಲಿಲ್ಲ. ಪ್ಲಾಸ್ಟಿಕ್ ಒಗ್ಗಿತು, ಆದರೆ ಅಷ್ಟು ಸುಲಭವಾಗಿ ಅಲ್ಲ.

ಪ್ಲಾಸ್ಟಿಕ್ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಸ್ವಭಾವದಿಂದಲೇ ಬೇರೆಯಾದ ಎರಡು ಜಾತಿಗಳಿವೆ. ಒಂದು ಮಡಕೆಯ ಹಾಗೆ: ಒಮ್ಮೆ ಸುಟ್ಟರೆ ಆಯಿತು, ಮತ್ತೆ ಮಣ್ಣಾಗುವುದಿಲ್ಲ. ಅಮೆರಿಕದಲ್ಲಿ ನೆಲೆಸಿದ ಬೆಲ್ಜಿಯಂ ಮೂಲದ ರಸಾಯನ ವಿಜ್ಞಾನಿ ಲಿಯೊ ಬೇಕ್‌ಲ್ಯಾಂಡ್ 1907ರಲ್ಲಿ ಕಂಡುಹಿಡಿದ ಬೇಕಲೈಟ್ ಇಂಥದ್ದು; ಗಾಜಿನ ಎಳೆ ಸೇರಿಸಿದ ಪಾಲಿಯೆಸ್ಟರ್, ಅಂದರೆ ನಾವು ಫೈಬರ್‌ಗ್ಲಾಸ್ ಅನ್ನುವುದೂ ಇಂಥದ್ದೇ. ಇನ್ನೊಂದು ಜಾತಿ ಅಚ್ಚುಬೆಲ್ಲದ ಹಾಗೆ: ಕಾಯಿಸಿದರೆ ಕರಗುತ್ತದೆ, ಆರಿದರೆ ಗಟ್ಟಿ, ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ಪಾಲಿಥಿನ್, ಪಾಲಿಪ್ರೊಪಿಲೀನ್, ಎಬಿಎಸ್ ಈ ಗುಂಪಿನವು. ಇವುಗಳ ಕಾಳುಗಳನ್ನು ಇನ್ನೂರು ಡಿಗ್ರಿ ದಾಟಿಸಿ ಕಾಯಿಸಿ, ಭಾರಿ ಒತ್ತಡದಲ್ಲಿ ಮುಚ್ಚಿದ ಉಕ್ಕಿನ ಅಚ್ಚಿಗೆ ನುಗ್ಗಿಸಿ, ತಣ್ಣಗಾದ ಮೇಲೆ ಅಚ್ಚು ತೆರೆದರೆ ವಸ್ತು ಸಿದ್ಧ. ಅಚ್ಚಿಗೆ ಅದರದೇ ಆದ ಹಟಗಳಿವೆ. ಸಂಕ್ರಾಂತಿಗೆ ಮನೆಯಲ್ಲಿ ಸಕ್ಕರೆ ಅಚ್ಚು ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಾಕ ಒಂದೇ ಹದದಲ್ಲಿ ಎಲ್ಲ ಮೂಲೆಗೂ ಹರಿಯಬೇಕು. ಗಿಳಿಯ ಕೊಕ್ಕೋ ಆನೆಯ ಸೊಂಡಿಲೋ ಮರದ ಅಚ್ಚಿನೊಳಗೆ ಕಚ್ಚಿಕೊಂಡರೆ ಬಿಡಿಸುವಾಗ ಮುರಿದು ಕೈಗೆ ಬರುತ್ತದೆ. ಕುರ್ಚಿಗೂ ಅಷ್ಟೇ. ದಪ್ಪ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ಇರಬೇಕು, ಮೂಲೆಗಳು ದುಂಡಗಿರಬೇಕು, ಗೋಡೆಗಳು ನೆಟ್ಟಗೆ ನಿಲ್ಲದೆ ಸ್ವಲ್ಪ ಓರೆಯಾಗಿರಬೇಕು. ಒಂದು ಕುರ್ಚಿಯ ಮೇಲೆ ಇನ್ನೊಂದನ್ನು ಪೇರಿಸಲು ಆಗುವುದಕ್ಕೂ ಈ ಓರೆಯೇ ಮುಖ್ಯ ಕಾರಣ. ಅಚ್ಚಿನಿಂದ ಸಲೀಸಾಗಿ ಜಾರಿ ಬರಲು ಕೊಟ್ಟ ಓರೆ, ತನ್ನಂಥದೇ ಇನ್ನೊಂದು ಕುರ್ಚಿಯೊಳಗೆ ಸಲೀಸಾಗಿ ಇಳಿಯಲೂ ಅನುಕೂಲ ಮಾಡುತ್ತದೆ. ಮದುವೆ ಮುಗಿದ ಮೇಲೆ ಹುಡುಗರು ಹತ್ತು ಹತ್ತು ಕುರ್ಚಿ ಪೇರಿಸಿ ಲಾರಿಗೆ ಏರಿಸುವಾಗ ಕಾಣುವುದು ಅಚ್ಚಿನ ರೇಖಾಗಣಿತ.

ಮೊದಲು ದಾರಿ ಮಾಡಿದ್ದು ಮಡಕೆಯ ಜಾತಿ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನಗಳ ರೇಡಾರ್ ಮುಚ್ಚಲು ಅಮೆರಿಕದಲ್ಲಿ ಫೈಬರ್‌ಗ್ಲಾಸ್ ಗುಮ್ಮಟಗಳನ್ನು ಮಾಡುತ್ತಿದ್ದರು. ಯುದ್ಧ ಮುಗಿದಾಗ ಆ ವಿದ್ಯೆ ಬೇರೆ ಕೆಲಸ ಹುಡುಕುತ್ತಿತ್ತು. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ 1948ರಲ್ಲಿ ಅಗ್ಗದ ಪೀಠೋಪಕರಣಕ್ಕಾಗಿ ಅಂತರರಾಷ್ಟ್ರೀಯ ಸ್ಪರ್ಧೆ ಏರ್ಪಡಿಸಿದಾಗ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಕಳಿಸಿದ್ದು ಲೋಹದ ತಗಡನ್ನು ಒತ್ತಿ ಮಾಡುವ ಕುರ್ಚಿಯ ಯೋಜನೆ. ಅದು ದುಬಾರಿ ಎಂದು ತಿಳಿದ ಮೇಲೆ ಫೈಬರ್‌ಗ್ಲಾಸಿಗೆ ತಿರುಗಿಕೊಂಡರು. 1950ರಲ್ಲಿ ಹರ್ಮನ್ ಮಿಲ್ಲರ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಕ್ಯಾಲಿಫೋರ್ನಿಯಾದ ಜೆನಿತ್ ಪ್ಲಾಸ್ಟಿಕ್ಸ್ ಚಿಪ್ಪುಗಳನ್ನು ಒತ್ತಿ ಕೊಡುತ್ತಿತ್ತು. ಆಸನ, ಬೆನ್ನು, ಕೈ ಮೂರೂ ಒಂದೇ ಬೋಗುಣಿಯಂಥ ಚಿಪ್ಪಿನಲ್ಲಿ ಕೂಡಿಕೊಂಡವು. ಮೊದಮೊದಲಿನ ಚಿಪ್ಪುಗಳ ಅಂಚಿನೊಳಗೆ ಗಟ್ಟಿಗೆಂದು ಒಂದು ಹಗ್ಗ ಹುದುಗಿಸಿದ್ದರು. ಇವತ್ತು ಹಳೆಯ ವಸ್ತು ಕೊಳ್ಳುವವರು ಇಂಥ ಕುರ್ಚಿ ಸಿಕ್ಕರೆ ಮೊದಲು ಅದನ್ನು ತಲೆಕೆಳಗು ಮಾಡಿ ಅಂಚಿನಲ್ಲಿ ಬೆರಳಾಡಿಸುತ್ತಾರೆ. ಹಗ್ಗ ಸಿಕ್ಕಿದರೆ ಅದು ಮೊದಲ ವರ್ಷಗಳದ್ದು. ಬೆಳಕಿಗೆ ಹಿಡಿದರೆ ಚಿಪ್ಪಿನ ಮೈಯಲ್ಲಿ ಗಾಜಿನ ಎಳೆಗಳು ಕೂದಲು ಹರಡಿದಂತೆ ಕಾಣುತ್ತವೆ. ಆದರೆ ಕಾಲುಗಳು ಮಾತ್ರ ಬೇರೆಯಾಗಿಯೇ ಉಳಿದವು: ತಂತಿಯವು, ಸರಳಿನವು, ಮರದವು. ಕಾಲುಗಳ ಗೋಜಲನ್ನು ಕೋಣೆಯಿಂದಲೇ ತೊಲಗಿಸಬೇಕೆಂದು ಹೊರಟ ಈರೊ ಸಾರಿನೆನ್, ಒಂದೇ ಕಾಂಡದ ಮೇಲೆ ಅರಳಿದ ಹೂವಿನಂಥ ‘ಟ್ಯುಲಿಪ್’ ಕುರ್ಚಿಯನ್ನು 1950ರ ದಶಕದ ಕೊನೆಯ ವರ್ಷಗಳಲ್ಲಿ ತಂದರು. ಕಣ್ಣಿಗೆ ಅದು ಒಂದೇ ತುಂಡು. ನಿಜದಲ್ಲಿ ಎರಡು. ಪ್ಲಾಸ್ಟಿಕ್ಕಿನ ಕಾಂಡ ಭಾರ ತಡೆಯದೆಂದು ಅಲ್ಯೂಮಿನಿಯಮ್ಮಿನಲ್ಲಿ ಎರಕ ಹೊಯ್ದು ಮೇಲೆ ಅದೇ ಬಣ್ಣದ ಲೇಪ ಹಚ್ಚಿದ್ದರು.

ಬೆಲ್ಲದ ಜಾತಿ ಪೀಠೋಪಕರಣಕ್ಕೆ ಬಂದದ್ದು ಇಟಲಿಯ ಮೂಲಕ. ಮಿಲಾನಿನ ಪಾಲಿಟೆಕ್ನಿಕ್‌ನಲ್ಲಿದ್ದ ಜೂಲಿಯೊ ನಾಟಾ 1954ರಲ್ಲಿ ಪಾಲಿಪ್ರೊಪಿಲೀನಿನ ಅಣುಗಳನ್ನು ಕ್ರಮವಾಗಿ ಜೋಡಿಸಿ ಗಟ್ಟಿ ವಸ್ತುವನ್ನಾಗಿ ಮಾಡುವ ದಾರಿ ಕಂಡರು. 1963ರಲ್ಲಿ ಕಾರ್ಲ್ ಜೀಗ್ಲರ್ ಜೊತೆ ನೊಬೆಲ್ ಬಂತು. ನಾಟಾ ಅವರ ಶಿಷ್ಯ, ರಸಾಯನ ಎಂಜಿನಿಯರ್ ಜೂಲಿಯೊ ಕಾಸ್ಟೆಲ್ಲಿ 1949ರಲ್ಲಿ ಮಿಲಾನಿನಲ್ಲಿ ಕಾರ್ಟೆಲ್ ಕಂಪನಿ ಶುರು ಮಾಡಿ, ಕಾರಿನ ಸಾಮಾನು, ಬಕೆಟ್ಟು, ಅಡುಗೆಮನೆಯ ವಸ್ತುಗಳಿಂದ ಆರಂಭಿಸಿ ಪೀಠೋಪಕರಣಕ್ಕೆ ಬಂದಿದ್ದರು. ಇದನ್ನು ಗಮನಿಸಬೇಕು: ದಾರಿ ಬಕೆಟ್ಟಿನಿಂದ ಕುರ್ಚಿಗೆ ಬಂದದ್ದೇ ಹೊರತು ಬಡಗಿಯ ಕೊಟ್ಟಿಗೆಯಿಂದಲ್ಲ. 1964ರಲ್ಲಿ ಅವರಿಗಾಗಿ ಮಾರ್ಕೊ ಜಾನುಸೊ, ರಿಚರ್ಡ್ ಸ್ಯಾಪರ್ ಇಬ್ಬರೂ ಸೇರಿ ಪಾಲಿಥಿನ್ನಿನ ಪುಟ್ಟ ಮಕ್ಕಳ ಕುರ್ಚಿಯನ್ನು ಮಾಡಿದರು. ಕಾಲುಗಳನ್ನು ಬೇರೆಯಾಗಿ ಎರಕ ಹೊಯ್ದು ಸಿಕ್ಕಿಸಬೇಕಿತ್ತು. ಆ ಕಾಲಿನ ತುದಿ ಇನ್ನೊಂದು ಕುರ್ಚಿಯ ಬೆನ್ನಿನ ಮೇಲೆ ಕೂರುವಂತಿದ್ದುದರಿಂದ ಮಕ್ಕಳು ಕುರ್ಚಿಗಳನ್ನು ಇಟ್ಟಿಗೆಯಂತೆ ಪೇರಿಸಿ ಕೋಟೆ ಕಟ್ಟುತ್ತಿದ್ದರು. ಬೀಳಿಸಿದರೂ ಗಾಯ ಮಾಡದಷ್ಟು ಮೆದು, ಎಸೆದರೂ ಮುರಿಯದಷ್ಟು ಗಟ್ಟಿ. ಮಕ್ಕಳಿಗೆ ಇದಕ್ಕಿಂತ ತಕ್ಕ ವಸ್ತು ಅಂದಿನವರೆಗೆ ಪೀಠೋಪಕರಣದಲ್ಲಿ ಬಂದಿರಲಿಲ್ಲ ಎಂದೇ ನನ್ನ ಅನಿಸಿಕೆ. ಮೊದಲು ಹೇಳಿದ ಕೊಲಂಬೊ ಅವರ ಕುರ್ಚಿಯೂ ಇದೇ ಕಾರ್ಟೆಲ್‌ದು. ಅದರ ಕಾಲುಗಳೂ ಬಿಚ್ಚುವಂಥವು.

ಇಂಗ್ಲೆಂಡಿನಲ್ಲಿ, ಕುರ್ಚಿ ಮಾಡುವ ಬಡಗಿಗಳಿಗೇ ಹೆಸರಾದ ಹೈ ವಿಕಮ್ ಊರಿನಲ್ಲಿ ಹುಟ್ಟಿದ ರಾಬಿನ್ ಡೇ, 1963ರಲ್ಲಿ ಹಿಲ್ ಕಂಪನಿಗಾಗಿ ಪಾಲಿಪ್ರೊಪಿಲೀನ್ ಕುರ್ಚಿ ರೂಪಿಸಿದರು. ಒಂದೇ ಅಚ್ಚು ವಾರಕ್ಕೆ ಸುಮಾರು 4000 ಚಿಪ್ಪು ಉದುರಿಸುತ್ತಿತ್ತು. ಶಾಲೆ, ಆಸ್ಪತ್ರೆ, ಚರ್ಚಿನ ಸಭಾಂಗಣ, ಹೋಟೆಲು, ಎಲ್ಲಿ ನೋಡಿದರೂ ಅದೇ ಆಯಿತು. ಮಾರಾಟ ಕೋಟಿ ದಾಟಿತು. 2009ರಲ್ಲಿ ಬ್ರಿಟಿಷ್ ಅಂಚೆ ಇಲಾಖೆ ದೇಶದ ವಿನ್ಯಾಸದ ಹೆಮ್ಮೆಗಳನ್ನು ಅಂಚೆಚೀಟಿಯಾಗಿ ತಂದಾಗ ಕಾಂಕಾರ್ಡ್ ವಿಮಾನ, ಮಿನಿ ಕಾರುಗಳ ಪಕ್ಕದಲ್ಲಿ ಈ ಕುರ್ಚಿಯೂ ಇತ್ತು. ಇಲ್ಲಿ ಅಚ್ಚಿನ ಲೆಕ್ಕಾಚಾರ ಸ್ಪಷ್ಟವಾಗಿ ಕಾಣುತ್ತದೆ. ಉಕ್ಕನ್ನು ಕೊರೆದು ಅಚ್ಚು ಮಾಡುವ ಖರ್ಚು ದೊಡ್ಡದು, ಅದರಿಂದ ಬರುವ ಪ್ರತಿ ಕುರ್ಚಿಯ ಖರ್ಚು ಸಣ್ಣದು. ನೂರು ಕುರ್ಚಿ ಮಾಡಿದರೆ ದಿವಾಳಿ, ಲಕ್ಷ ಮಾಡಿದರೆ ಲಾಭ. ಬಡಗಿ ಒಂದು ಕುರ್ಚಿಯಲ್ಲಿ ತಪ್ಪಿದರೆ ಮುಂದಿನದರಲ್ಲಿ ತಿದ್ದಿಕೊಳ್ಳಬಹುದು. ಅಚ್ಚಿನಲ್ಲಿ ತಪ್ಪಿದರೆ ಅದೇ ತಪ್ಪು ಲಕ್ಷ ಸಲ ಹುಟ್ಟುತ್ತದೆ. ಹಾಗಾಗಿ ಈ ಕಾಲದ ಒಳ್ಳೆಯ ಪ್ಲಾಸ್ಟಿಕ್ ಕುರ್ಚಿಗಳ ಹಿಂದೆ ಬಹಳ ತಾಳ್ಮೆ ಇದೆ. ಅಗ್ಗದ ವಸ್ತುವಿಗೆ ಅಷ್ಟು ಯೋಚನೆ ಏಕೆ ಎಂದು ಕೇಳುವವರು ಗಮನಿಸಬೇಕಾದದ್ದು ಇದನ್ನೇ: ಅಗ್ಗದ ವಸ್ತುವಾದ್ದರಿಂದಲೇ ಅಷ್ಟು ಯೋಚನೆ ಬೇಕಾಯಿತು.

ಡೇ ಅವರ ಕುರ್ಚಿಗೂ ಕಾಲು ಕಬ್ಬಿಣದ ಕೊಳವೆಯದೇ. ಬೆನ್ನು, ಆಸನ, ಕಾಲು ಎಲ್ಲ ಒಂದೇ ವಸ್ತು, ಒಂದೇ ತುಂಡು ಎಂಬ ಕನಸನ್ನು ಹಟ ಹಿಡಿದು ಬೆನ್ನಟ್ಟಿದವರು ಡೆನ್ಮಾರ್ಕಿನ ವರ್ನರ್ ಪಾಂಟನ್. ನಾಲ್ಕು ಕಾಲಿನ ಗೊಡವೆಯನ್ನೇ ಬಿಟ್ಟು, ನಾಲಿಗೆ ಚಾಚಿದಂತೆ ಬಾಗಿ ಬಳುಕಿ ನೆಲಕ್ಕೆ ಇಳಿಯುವ ಆಕಾರವನ್ನು ಅವರು 1950ರ ದಶಕದ ಕೊನೆಯಲ್ಲೇ ಗೀಚಿದ್ದರು. ಮಾಡಿಕೊಡುವವರು ಸಿಗಲಿಲ್ಲ. ಕೊನೆಗೆ ವಿಟ್ರಾ ಕಂಪನಿ ಒಪ್ಪಿ, ವರ್ಷಗಟ್ಟಲೆ ಮಾದರಿಗಳನ್ನು ಮಾಡಿ ಮುರಿದು, 1967ರಲ್ಲಿ ಸುಮಾರು 150 ಕುರ್ಚಿಗಳ ಮೊದಲ ಕಂತನ್ನು ಫೈಬರ್‌ಗ್ಲಾಸಿನಲ್ಲಿ ಹೊರತಂದಿತು. ಅದು ದುಬಾರಿ, ಕೈಕೆಲಸ ವಿಪರೀತ. ಮರುವರ್ಷ ಪಾಲಿಯುರೆಥೇನ್ ಗಟ್ಟಿ ನೊರೆಗೆ ಬದಲಾಯಿಸಿದರು. ಅಚ್ಚಿನಿಂದ ಬಂದದ್ದನ್ನು ಒಂದೊಂದಾಗಿ ಮೆತ್ತಿ, ಉಜ್ಜಿ, ಬಣ್ಣ ಹೊಡೆಯಬೇಕಿತ್ತು. 1971ರಲ್ಲಿ ಕರಗಿಸಿ ನುಗ್ಗಿಸುವ ಹೊಸ ಪ್ಲಾಸ್ಟಿಕ್ ಬಂತು. ಅಂತೂ ಒಂದು ಏಟಿಗೆ ಒಂದು ಕುರ್ಚಿ, ಬಣ್ಣವೂ ಒಳಗಿನಿಂದಲೇ. ಆದರೆ ಬಿಸಿಲಿಗೆ, ಚಳಿಗೆ ಆ ವಸ್ತು ಮುಪ್ಪಾಗಿ ಕುರ್ಚಿಗಳು ಬಿರುಕು ಬಿಟ್ಟು ಮುರಿಯತೊಡಗಿದವು. 1979ರಲ್ಲಿ ತಯಾರಿಕೆ ನಿಲ್ಲಿಸಿದರು. 1983ರಲ್ಲಿ ಮತ್ತೆ ಹಳೆಯ ನೊರೆಯಲ್ಲಿ ಶುರುವಾಗಿ, ಪಾಲಿಪ್ರೊಪಿಲೀನಿನಲ್ಲಿ ನಿಜಕ್ಕೂ ಕೈಗೆಟಕುವ ರೂಪ ಬಂದದ್ದು 1999ರಲ್ಲಿ, ಪಾಂಟನ್ ತೀರಿಕೊಂಡ ಮರುವರ್ಷ. ಒಂದೇ ಆಕಾರ, ನಾಲ್ಕು ವಸ್ತು, ಮೂವತ್ತು ವರ್ಷದ ಜಗ್ಗಾಟ. ಆಕಾರ ವಿನ್ಯಾಸಕಾರನ ತಲೆಯಲ್ಲಿ ಹುಟ್ಟಿ ವಸ್ತು ಅದಕ್ಕೆ ವಿಧೇಯವಾಗುತ್ತದೆ ಎಂದು ನಂಬುವವರಿಗೆ ಈ ಕುರ್ಚಿಯ ಚರಿತ್ರೆ ಒಳ್ಳೆಯ ಉತ್ತರ. ಕೈಯಲ್ಲಿದ್ದದ್ದು ಆಕಾರ, ಅದಕ್ಕೆ ತಕ್ಕ ವಸ್ತು ಸಿಗುವವರೆಗೆ ಕಾಯಬೇಕಾಯಿತು.

ವಿನ್ಯಾಸದ ಚರಿತ್ರೆಯ ಪುಸ್ತಕಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿ ಕುಸಿಯುತ್ತದೆ. 1973ರ ಕೊನೆಗೆ ತೈಲ ಬಿಕ್ಕಟ್ಟು ಬಂತು, ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು, ತೈಲದಿಂದ ಹುಟ್ಟುವ ಪ್ಲಾಸ್ಟಿಕ್ಕಿನ ಸಡಗರ ಮುಗಿಯಿತು, ಪರಿಸರದ ಅರಿವು ಮೂಡಿತು, ಜನ ಮರಕ್ಕೆ ಮರಳಿದರು ಎಂದು ಅಧ್ಯಾಯ ಮುಚ್ಚುತ್ತಾರೆ. ಶ್ರೀಮಂತ ಮನೆಗಳ ಮಟ್ಟಿಗೆ ಇದು ಸರಿ. ಆದರೆ ಬಿಕ್ಕಟ್ಟಿಗೆ ಒಂದು ವರ್ಷ ಮೊದಲು, 1972ರಲ್ಲಿ, ಫ್ರಾನ್ಸಿನ ಎಂಜಿನಿಯರ್ ಆನ್ರಿ ಮಾಸೊನೆ ‘ಫೋತೈ 300’ ಎಂಬ ಕೈ ಇರುವ ಕುರ್ಚಿಯನ್ನು ತಂದಿದ್ದರು. ನಾಲ್ಕು ಕಾಲು, ಎರಡು ಕೈ, ಬೆನ್ನು, ಆಸನ ಎಲ್ಲ ಒಂದೇ ತುಂಡು, ಒಂದು ಕುರ್ಚಿಗೆ ಎರಡು ನಿಮಿಷಕ್ಕಿಂತ ಕಡಿಮೆ ಸಮಯ. 1980ರ ದಶಕದಲ್ಲಿ ಫ್ರಾನ್ಸಿನದೇ ಗ್ರೋಫಿಲೆ ಕಂಪನಿ ತೋಟದಲ್ಲಿ ಹಾಕುವ ಅಗ್ಗದ ರೂಪವನ್ನು ಬಿಟ್ಟಿತು. ಅಲ್ಲಿಂದ ಅದು ದೇಶ ದೇಶಕ್ಕೆ ಹಬ್ಬಿತು. ಅಚ್ಚನ್ನು ಕೊಂಡವರೆಲ್ಲ ಕುರ್ಚಿ ಮಾಡಬಹುದಿತ್ತು. ಕೊಂಡವರು ಬೆನ್ನಿನ ಪಟ್ಟಿಗಳನ್ನು ಬದಲಿಸಿದರು, ಜಾಲರಿ ಹಾಕಿದರು, ಬೆತ್ತದ ಹೆಣಿಗೆಯ ಗುರುತು ಒತ್ತಿದರು. ಇಂಗ್ಲಿಷಿನಲ್ಲಿ ಇದನ್ನು ಮೊನೊಬ್ಲಾಕ್ ಅನ್ನುತ್ತಾರೆ, ಅಂದರೆ ಒಂದೇ ಗಟ್ಟಿ. ನಮ್ಮಲ್ಲಿ ಪ್ಲಾಸ್ಟಿಕ್ ಚೇರು ಅಂದರೆ ಸಾಕು, ಇದೇ. ಥೋನೆಟ್ ಆರಕ್ಕೆ ಇಳಿಸಿದ್ದನ್ನು, ಈಮ್ಸ್ ದಂಪತಿ ಚಿಪ್ಪಿನವರೆಗೆ ತಂದದ್ದನ್ನು, ಸಾರಿನೆನ್ ಬಣ್ಣ ಹಚ್ಚಿ ಮರೆಮಾಚಿದ್ದನ್ನು, ಪಾಂಟನ್ ಮೂವತ್ತು ವರ್ಷ ಬೆನ್ನಟ್ಟಿದ್ದನ್ನು ಈ ಕುರ್ಚಿ ಸದ್ದಿಲ್ಲದೆ ಮಾಡಿ ಮುಗಿಸಿತು.

ಹತ್ತಿರದಿಂದ ನೋಡಿದರೆ ಅದರಲ್ಲಿ ಸುಮ್ಮನೆ ಇಟ್ಟ ಗೆರೆ ಒಂದೂ ಇಲ್ಲ. ತೂಕ ಎರಡೂವರೆ ಮೂರು ಕಿಲೋ. ಇಷ್ಟು ತೆಳುವಾದ ಹಾಳೆ ಮನುಷ್ಯನ ಭಾರ ಹೊರಬೇಕಾದರೆ ಎಲ್ಲ ಕಡೆ ಮಡಿಕೆ ಬೇಕು. ಆದ್ದರಿಂದ ಕಾಲನ್ನು ಅಡ್ಡ ಕೊಯ್ದರೆ ಗಟ್ಟಿ ಕಂಬ ಸಿಗುವುದಿಲ್ಲ, ಮೂಲೆಗೆ ಬಾಗಿದ ಪಟ್ಟಿ ಸಿಗುತ್ತದೆ. ಬಾಳೆಲೆ ದೊನ್ನೆಗೆ ಗಟ್ಟಿತನ ಬರುವುದೂ ಹೀಗೆ ಮಡಿಕೆಯಿಂದಲೇ. ಕೈಯ ಅಂಚು ಕೆಳಕ್ಕೆ ಬಾಗಿರುವುದು ಅದೇ ಕಾರಣಕ್ಕೆ. ಬೆನ್ನಿನ ಸೀಳುಗಳು ಗಾಳಿಗೂ ಹೌದು, ಪ್ಲಾಸ್ಟಿಕ್ ಉಳಿಸುವುದಕ್ಕೂ ಹೌದು. ಆಸನದ ತೂತುಗಳಿಂದ ಮಳೆ ನೀರು ಇಳಿಯುತ್ತದೆ. ಆಸನದ ತಳವನ್ನು ತಿರುಗಿಸಿ ನೋಡಿದರೆ ನಡುವೆ ಒಂದು ಸಣ್ಣ ಒರಟು ಚುಕ್ಕೆ ಕೈಗೆ ತಾಗುತ್ತದೆ: ಕರಗಿದ ಪ್ಲಾಸ್ಟಿಕ್ ಒಳಗೆ ನುಗ್ಗಿದ ಬಾಯಿ ಅದು, ಕುರ್ಚಿಯ ಹೊಕ್ಕುಳು. ಅಲ್ಲಿಂದ ಅದು ಕೆಲವೇ ಕ್ಷಣಗಳಲ್ಲಿ ನಾಲ್ಕು ಕಾಲಿನ ತುದಿಗೂ ಬೆನ್ನಿನ ನೆತ್ತಿಗೂ ಹರಿದು ತಲುಪಬೇಕು. ಕುರ್ಚಿಯ ಒಟ್ಟು ಆಕಾರ ಆ ಹರಿವಿನ ನಕ್ಷೆ.

ಇದಕ್ಕೆ ಮೊದಲ ಆಕ್ಷೇಪ, ಇದು ವಿನ್ಯಾಸವಲ್ಲ, ಬರೀ ಉಳಿತಾಯ ಎನ್ನುವುದು. ಯಾರೋ ಒಬ್ಬರ ಕಲ್ಪನೆ ಇದರಲ್ಲಿಲ್ಲ. ಕಂಪನಿಗಳು ಗ್ರಾಂ ಗ್ರಾಂ ಕಡಿಮೆ ಮಾಡುತ್ತ ಹೋದದ್ದರ ಫಲ. ಪಾಂಟನ್ ಪಕ್ಕದಲ್ಲಿ ಇದನ್ನು ಇಡುವುದು ಕಲೆಗೆ ಅವಮಾನ. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರ ಊರಿನ ಅಂದ ಕೆಡುತ್ತದೆಂದು 2008ರಿಂದ 2017ರವರೆಗೆ ಸಾರ್ವಜನಿಕ ಜಾಗಗಳಲ್ಲಿ ಪ್ಲಾಸ್ಟಿಕ್ ಕುರ್ಚಿಯನ್ನೇ ನಿಷೇಧಿಸಿತ್ತು. ಈ ಆಕ್ಷೇಪಕ್ಕೆ ಉತ್ತರ ಕೊಡಬಲ್ಲವರು ಈಮ್ಸ್ ದಂಪತಿಯೇ ಎಂದು ನನಗನ್ನಿಸುತ್ತದೆ. ಭಾರತ ಸರ್ಕಾರದ ಕೋರಿಕೆಯ ಮೇಲೆ ನಮ್ಮ ದೇಶವನ್ನು ಸುತ್ತಿ 1958ರಲ್ಲಿ ಅವರು ವರದಿಯೊಂದನ್ನು ಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಅದರಿಂದ. ಭಾರತದಲ್ಲಿ ಕಂಡ ವಸ್ತುಗಳಲ್ಲೆಲ್ಲ ಅತ್ಯುತ್ತಮ ಎಂದು ಅವರು ಎತ್ತಿ ಹೇಳಿದ್ದು ಅರಮನೆಯ ಸಿಂಹಾಸನವನ್ನಲ್ಲ, ನೀರಿನ ಲೋಟ, ಚೊಂಬಿನ ಜಾತಿಯ ‘ಲೋಟಾ’ವನ್ನು. ಅದಕ್ಕೆ ಒಬ್ಬ ವಿನ್ಯಾಸಕಾರನಿಲ್ಲ, ತಲೆಮಾರುಗಳ ಕೈ ತಿದ್ದಿ ತಿದ್ದಿ ಬಂದ ರೂಪ ಅದು ಎಂಬುದೇ ಅವರ ಮೆಚ್ಚುಗೆಗೆ ಕಾರಣ. ಲೋಕದ ಮೊದಲ ದೊಡ್ಡ ಪ್ರಮಾಣದ ಪ್ಲಾಸ್ಟಿಕ್ ಕುರ್ಚಿ ಮಾಡಿದವರೇ, ಹೆಸರಿಲ್ಲದ ವಿನ್ಯಾಸವೂ ವಿನ್ಯಾಸ, ಕೆಲವೊಮ್ಮೆ ಹೆಸರಿರುವುದಕ್ಕಿಂತ ಮೇಲು ಎಂದು ಒಪ್ಪಿದ್ದರು. ಚೊಂಬಿಗೂ ಕುರ್ಚಿಗೂ ಒಂದು ವ್ಯತ್ಯಾಸ ಇದೆ, ಅದನ್ನು ಮುಚ್ಚಿಡಬಾರದು. ಚೊಂಬನ್ನು ತಿದ್ದಿದವರಲ್ಲಿ ಬಳಸುವವರ ಕೈಯೂ ಇತ್ತು. ಕುರ್ಚಿಯನ್ನು ತಿದ್ದಿದ್ದು ಹೆಚ್ಚಾಗಿ ಮಾರುವವರ ಲೆಕ್ಕ. ಆದರೂ ಕೂತರೆ ಕುಸಿಯುವ ಕುರ್ಚಿಯನ್ನು ಎರಡನೇ ಸಲ ಯಾರೂ ಕೊಳ್ಳುವುದಿಲ್ಲ. ಬಳಸುವವರ ತೀರ್ಪು ಆ ಲೆಕ್ಕದೊಳಗೇ ಸೇರಿಕೊಂಡಿದೆ.

ಎರಡನೆಯದು ಪರಿಸರದ ಆಕ್ಷೇಪ, ಮತ್ತು ಇದು ಗಂಭೀರವಾದದ್ದು. ಭೂಮಿಯಲ್ಲಿ ಕರಗದ, ಸುಟ್ಟರೆ ಹೊಗೆಯಾಗುವ ವಸ್ತುವಿನ ಚರಿತ್ರೆಯನ್ನು ಹೆಮ್ಮೆಯಿಂದ ಬರೆಯುವುದು ಹೇಗೆ? ಇದಕ್ಕೆ ನನ್ನ ಉತ್ತರ ಪ್ಲಾಸ್ಟಿಕ್ಕಿನ ಪರ ವಕಾಲತ್ತಲ್ಲ. ಫೈಬರ್‌ಗ್ಲಾಸನ್ನು ಮತ್ತೆ ಕರಗಿಸಲು ಬಾರದು ಎಂಬ ಕಾರಣವೂ ಸೇರಿ ಈಮ್ಸ್ ಕುರ್ಚಿಯ ಹಳೆಯ ರೂಪದ ತಯಾರಿಕೆಯೇ ಒಂದು ಕಾಲಕ್ಕೆ ನಿಂತಿತ್ತು. ಆದರೆ ಹಳೆಯ ಕುರ್ಚಿಗಳು ಒಂದು ವಿಷಯವನ್ನು ಸಾಕ್ಷಿ ಸಮೇತ ಹೇಳುತ್ತವೆ: ಈ ವಸ್ತುವನ್ನು ಪೀಠೋಪಕರಣಕ್ಕೆ ತಂದವರು ಅದನ್ನು ಬಿಸಾಡುವ ವಸ್ತುವೆಂದು ತಿಳಿದಿರಲಿಲ್ಲ. 1960ರ ದಶಕದ ಡೇ ಕುರ್ಚಿಗಳು ಅರವತ್ತು ವರ್ಷದ ನಂತರವೂ ಕೂರಲು ಯೋಗ್ಯವಾಗಿ ಉಳಿದಿವೆ. ಅಷ್ಟು ಬಾಳಿದ ಮರದ ಕುರ್ಚಿಗಳೂ ಎಷ್ಟೋ ಮನೆಗಳಲ್ಲಿ ಸಿಗುವುದಿಲ್ಲ. ಕೇಡು ಹೊಕ್ಕಿದ್ದು ಆಮೇಲೆ, ದಪ್ಪ ಕಡಿಮೆ ಮಾಡಿ, ಸುಣ್ಣದ ಕಲ್ಲಿನ ಪುಡಿ ಬೆರೆಸಿ, ಬಿಸಿಲನ್ನು ತಡೆಯುವ ರಾಸಾಯನಿಕವನ್ನು ಕೈಬಿಟ್ಟು ಕುರ್ಚಿ ಮಾಡತೊಡಗಿದಾಗ. ಅಂಗಳದಲ್ಲಿ ಎರಡು ಬೇಸಿಗೆ ಕಳೆದ ಇಂಥ ಕುರ್ಚಿಯ ಮೇಲೆ ಬೆರಳು ಎಳೆದರೆ ಸ್ಲೇಟಿನ ಮೇಲಿನ ಬಳಪದಂತೆ ಬಿಳಿ ಪುಡಿ ಅಂಟುತ್ತದೆ. ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಕಿರಣ ಪಾಲಿಪ್ರೊಪಿಲೀನಿನ ಸರಪಳಿಗಳನ್ನು ಕಡಿದು ಹಾಕಿರುತ್ತದೆ. ಆ ಪುಡಿ ಮಣ್ಣಿಗೆ ಸೇರುತ್ತದೆ, ನೀರಿಗೆ ಸೇರುತ್ತದೆ. ಮುರಿದ ಕುರ್ಚಿಯನ್ನು ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ, ಅದು ಕರಗಿ ಬಕೆಟ್ಟೋ ಮತ್ತೊಂದೋ ಆಗುತ್ತದೆ ಎನ್ನುವುದು ಸಮಾಧಾನದ ಮಾತು, ಆದರೆ ಪ್ರತಿ ಸಲ ಕರಗಿದಾಗ ಅದರ ಗುಣ ಇಳಿಯುತ್ತದೆ. ಸಾಲ ಇದೆ, ಇಲ್ಲ ಎನ್ನಲಾಗದು. ನಾನು ಹೇಳುವುದಿಷ್ಟೇ: ಈ ಕುರ್ಚಿಯನ್ನು ಕಸ ಎಂದು ಮೊದಲೇ ತೀರ್ಮಾನಿಸಿದರೆ ಅದನ್ನು ಕಸದ ಹಾಗೆಯೇ ಮಾಡುತ್ತಾರೆ. ವಿನ್ಯಾಸ ಎಂದು ಒಪ್ಪಿಕೊಂಡರೆ ಮಾತ್ರ ಎಷ್ಟು ದಪ್ಪ, ಎಷ್ಟು ವರ್ಷ, ಆಮೇಲೆ ಏನು ಎಂದು ಮಾಡಿದವರನ್ನು ಕೇಳಲು ಬರುತ್ತದೆ.

ಮೂರನೇ ದೂರು ಬಡಗಿಯ ಪರವಾಗಿ, ಬೆತ್ತ ಹೆಣೆಯುವವರ ಪರವಾಗಿ. ಅವರ ಅನ್ನಕ್ಕೆ ಇದು ಕಲ್ಲು ಹಾಕಿತು ಎನ್ನುವುದು ಸುಳ್ಳಲ್ಲ. ಆದರೆ ನಮ್ಮಲ್ಲಿ ಈ ಕುರ್ಚಿ ಬಂದು ಕೂತ ಎಷ್ಟೋ ಜಾಗಗಳಲ್ಲಿ ಮೊದಲು ಇದ್ದದ್ದು ಬಡಗಿಯ ಕುರ್ಚಿಯಲ್ಲ, ಬರೀ ನೆಲ. ಕನ್ನಡದಲ್ಲಿ ಕುರ್ಚಿ ಅಂದರೆ ಅಧಿಕಾರಕ್ಕೆ ಇನ್ನೊಂದು ಹೆಸರು. ಕುರ್ಚಿಗಾಗಿ ಕಚ್ಚಾಟ, ಕುರ್ಚಿ ಅಲುಗಾಡುತ್ತಿದೆ, ಕುರ್ಚಿಗೆ ಅಂಟಿಕೊಂಡಿದ್ದಾರೆ ಎಂದು ಪತ್ರಿಕೆಗಳು ಬರೆಯುವುದು ಸುಮ್ಮನೆ ಅಲ್ಲ. ಊರಿನಲ್ಲಿ ಕುರ್ಚಿ ಇದ್ದದ್ದು ಕೆಲವರ ಮನೆಯಲ್ಲಿ. ಕೂರುವವರು ಯಾರು, ಎದುರಿಗೆ ನಿಲ್ಲುವವರು ಯಾರು, ಕೆಳಗೆ ಕೂರುವವರು ಯಾರು ಎಂಬುದು ಬರೆಯದ ಕಾನೂನಾಗಿತ್ತು. ಅಂಥ ನೆಲದಲ್ಲಿ, ಗ್ರಾಮಸಭೆಗೋ ನಾಮಕರಣಕ್ಕೋ ಬಾಡಿಗೆಗೆ ತಂದ ಇನ್ನೂರು ಕುರ್ಚಿಗಳೂ ಒಂದೇ ಎತ್ತರ, ಒಂದೇ ಬಣ್ಣ, ಒಂದೇ ಬೆಲೆಯವಾಗಿರುವುದು ಸಣ್ಣ ಸಂಗತಿಯಲ್ಲ. ಕುರ್ಚಿಯೊಂದು ಜಾತಿಯನ್ನು ಅಳಿಸಿತು ಎಂದು ಯಾರೂ ನಂಬಬೇಕಾಗಿಲ್ಲ. ವೇದಿಕೆಯ ಮೇಲೆ ಗಣ್ಯರಿಗೆಂದು ಬೇರೆ ಕುರ್ಚಿ, ಅದರ ಬೆನ್ನಿಗೆ ಬಿಳಿ ಟವೆಲ್ ಇವತ್ತಿಗೂ ಇದೆ. ಆದರೆ ವೇದಿಕೆಯ ಕೆಳಗೆ ಕೂರುವುದಕ್ಕೆ ಒಬ್ಬರ ಅಪ್ಪಣೆ ಕೇಳುವ ಅಗತ್ಯವನ್ನು ಈ ಅಗ್ಗದ ವಸ್ತು ಕಡಿಮೆ ಮಾಡಿತು. ಒಳ್ಳೆಯ ವಸ್ತುವನ್ನು ಹೆಚ್ಚು ಜನಕ್ಕೆ, ಕಡಿಮೆ ಬೆಲೆಗೆ ಎಂದು ಈಮ್ಸ್ ಕಾಲದ ವಿನ್ಯಾಸಕಾರರು ಹೇಳುತ್ತಿದ್ದರು. ಅವರ ಕುರ್ಚಿಗಳು ಇವತ್ತು ಅನುಕೂಲಸ್ಥರ ಮನೆಗಳಲ್ಲಿವೆ, ಮಾತನ್ನು ಉಳಿಸಿದ್ದು ಮಾತ್ರ ಹೆಸರಿಲ್ಲದ ಈ ಕುರ್ಚಿ. ಅಮೆರಿಕದ ಎಂಜಿನಿಯರ್ ಡಾನ್ ಶೋಂಡಾರ್ಫರ್ ಇದೇ ಬಿಳಿ ಕುರ್ಚಿಗೆ ಸೈಕಲ್ ಚಕ್ರ ಜೋಡಿಸಿ, ನಡೆಯಲಾಗದ ಬಡವರಿಗೆ ಗಾಲಿಕುರ್ಚಿ ಮಾಡಿ ಹಂಚತೊಡಗಿದ್ದು 2001ರಲ್ಲಿ. ಮೊದಮೊದಲಿನ ಕುರ್ಚಿಗಳು ಬಂದದ್ದು ಭಾರತಕ್ಕೇ.

ಈಗ ಹಳೆಯ ಪ್ಲಾಸ್ಟಿಕ್ಕಿಗೆ ಬೆಲೆ ಬಂದಿದೆ. ಬ್ರಸೆಲ್ಸ್ ನಗರದ ಫಿಲಿಪ್ ಡೆಸೆಲ್ ಎಂಬುವರು 1980ರ ದಶಕದಲ್ಲಿ ಬೀದಿಯ ಕಸದಲ್ಲಿ ಕೊಲಂಬೊ ಅವರ ಅದೇ ತೂತಿನ ಕುರ್ಚಿಯನ್ನು ಕಂಡು ಎತ್ತಿಕೊಂಡು ಬಂದು ಸಂಗ್ರಹ ಶುರು ಮಾಡಿದರು. ಅದು ಬೆಳೆದು, 2015ರ ಕೊನೆಯಲ್ಲಿ ಅಲ್ಲಿ ತೆರೆದ ವಿನ್ಯಾಸ ಮ್ಯೂಸಿಯಮ್ಮಿನ ತಿರುಳಾಯಿತು. ಇದನ್ನು ಉಳ್ಳವರ ಹಳೇ ಸಾಮಾನಿನ ಖಯಾಲಿ ಎಂದು ತಳ್ಳಿಹಾಕುವವರಿದ್ದಾರೆ. ಖಯಾಲಿಯೂ ಇದೆ, ಆದರೆ ಸಂಗ್ರಹಿಸಿದ ಮೇಲೆ ಗೊತ್ತಾದ ಸಂಗತಿ ದೊಡ್ಡದು: ನೂರಾರು ವರ್ಷ ಹಾಳಾಗದು ಎಂದುಕೊಂಡ ವಸ್ತು ಮ್ಯೂಸಿಯಮ್ಮಿನಲ್ಲಿ ಮರಕ್ಕಿಂತ, ಕಲ್ಲಿಗಿಂತ ಬೇಗ ಕೆಡುತ್ತಿದೆ. ಬಿಳಿಯ ಎಬಿಎಸ್ ಹಳದಿಯಾಗುತ್ತದೆ. 1967ರ ಇಟಲಿಯ ಗಾಳಿ ತುಂಬುವ ‘ಬ್ಲೋ’ ಕುರ್ಚಿಯಂಥ ಪಿವಿಸಿ ವಸ್ತುಗಳಲ್ಲಿ ಮೆದುತನಕ್ಕೆ ಬೆರೆಸಿದ ಎಣ್ಣೆಯಂಥ ದ್ರವ ವರ್ಷಗಳು ಕಳೆದ ಮೇಲೆ ಮೈಗೆ ಒಸರಿ ಜಿಗುಟಾಗುತ್ತದೆ. ಪಾಲಿಯುರೆಥೇನ್ ನೊರೆ ಹಳೆಯ ರಸ್ಕಿನಂತೆ ಉದುರುತ್ತದೆ. ಇವನ್ನು ಉಳಿಸಿಕೊಳ್ಳುವುದು ಹೇಗೆಂದು ಯೂರೋಪಿನ ಮ್ಯೂಸಿಯಂಗಳೂ ಪ್ರಯೋಗಾಲಯಗಳೂ 2008ರಿಂದ 2012ರವರೆಗೆ ‘ಪೋಪಾರ್ಟ್’ ಎಂಬ ಯೋಜನೆಯನ್ನೇ ನಡೆಸಿದವು. ಎಲ್ಲೋ ಗುಡ್ಡೆಬಿದ್ದ ಪ್ಲಾಸ್ಟಿಕ್ ಶತಮಾನಗಟ್ಟಲೆ ಉಳಿಯುತ್ತದೆ, ಉಳಿಸಬೇಕೆಂದ ಪ್ಲಾಸ್ಟಿಕ್ ಐವತ್ತು ವರ್ಷದಲ್ಲಿ ಮುದುಡುತ್ತದೆ. ಎರಡೂ ಒಟ್ಟಿಗೆ ನಿಜ, ಏಕೆಂದರೆ ವಸ್ತುವಾಗಿ ಕೆಟ್ಟದ್ದು ಕಸವಾಗಿ ಉಳಿಯುತ್ತದೆ.

ಬಾಸೆಲ್ ನಿಷೇಧ ಕೊನೆಗೊಂಡ ಅದೇ 2017ರಲ್ಲಿ, ಗಡಿಯಾಚೆ ಕೂಗಳತೆಯಲ್ಲಿರುವ ಜರ್ಮನಿಯ ವೈಲ್ ಆಮ್ ರೈನ್ ಊರಿನ ವಿಟ್ರಾ ವಿನ್ಯಾಸ ಮ್ಯೂಸಿಯಂ ಈ ಅಗ್ಗದ ಕುರ್ಚಿಗಾಗಿಯೇ ಒಂದು ಪ್ರದರ್ಶನ ನಡೆಸಿತು. ಪಾಂಟನ್ ಕುರ್ಚಿಗೆ ಜನ್ಮ ಕೊಟ್ಟ ಮನೆಯೇ ಅದರ ಹೆಸರಿಲ್ಲದ ತಮ್ಮನನ್ನು ಒಳಗೆ ಕರೆಯಿತು. ಆ ತಮ್ಮಂದಿರಲ್ಲಿ ನಾನು ತುಂಬ ಬೆಲೆ ಕೊಡುವುದು ನಮ್ಮ ಹಳ್ಳಿಗಳ ಜಗಲಿಯಲ್ಲಿ, ಗೂಡಂಗಡಿಗಳ ಮುಂದೆ ಕಾಣುವ ಒಂದು ಬಗೆಗೆ. ಕಾಲು ಆಸನಕ್ಕೆ ಸೇರುವಲ್ಲಿ ಕುರ್ಚಿ ಸೀಳಿರುತ್ತದೆ. ಯಾರೋ ಮೊಳೆಯೊಂದನ್ನು ಒಲೆಯಲ್ಲಿ ಕಾಯಿಸಿ, ಸೀಳಿನ ಎರಡೂ ಕಡೆ ಸಾಲಾಗಿ ತೂತು ಚುಚ್ಚಿರುತ್ತಾರೆ. ತೂತಿನ ಅಂಚಿನಲ್ಲಿ ಪ್ಲಾಸ್ಟಿಕ್ ಕರಗಿ ಉಂಗುರದಂತೆ ಉಬ್ಬಿ ಆರಿರುತ್ತದೆ. ಅದರೊಳಗೆ ತಂತಿ ತೂರಿಸಿ, ಚೀಲದ ಬಾಯಿ ಹೊಲಿದಂತೆ ಅಡ್ಡಡ್ಡ ಎಳೆದು ಬಿಗಿದು, ಕೂತವರಿಗೆ ಚುಚ್ಚದಂತೆ ತುದಿಯನ್ನು ಒಳಕ್ಕೆ ಮಡಚಿರುತ್ತಾರೆ. ಬಡಗಿ ಮಾಡಿದ ಕುರ್ಚಿಯಾಗಿದ್ದರೆ ಬೆಣೆ ಹೊಡೆದು ಕೂಡಿಸುತ್ತಿದ್ದ ಜಾಗ ಯಾವುದೋ, ಆ ಹೊಲಿಗೆ ಕೂತಿರುವುದು ಸರಿಯಾಗಿ ಅಲ್ಲಿಯೇ.